ಹಾರಿದ್ದು, ಹಾರದ್ದು, ಬರೀ ಮಾದರಿ: ಕೆನಡಿ ಬಾಹ್ಯಾಕಾಶ ಕೇಂದ್ರವನ್ನು ನೋಡುವ ಬಗೆ

ರಾಕೆಟ್ ಮ್ಯೂಸಿಯಂಗಳಿಗೆ ಒಂದು ವಿಚಿತ್ರ ಕಷ್ಟವಿದೆ. ಅರಮನೆಯ ಮ್ಯೂಸಿಯಂನಲ್ಲಿ ರಾಜ ಹಿಡಿದ ಕತ್ತಿಯನ್ನೇ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು. ರಾಕೆಟ್ ವಿಚಾರದಲ್ಲಿ ಹಾಗಾಗುವುದಿಲ್ಲ. ಕೆಲಸ ಮಾಡಿದ ರಾಕೆಟ್ ಉಳಿಯುವುದೇ ಅಪರೂಪ. ಉರಿದು ಸಮುದ್ರಕ್ಕೆ ಬೀಳುತ್ತದೆ, ಇಲ್ಲವೇ ಎಲ್ಲೋ ಸೂರ್ಯನ ಸುತ್ತ ಅಲೆಯುತ್ತಿರುತ್ತದೆ. ಹಾಗಾದರೆ ಟಿಕೆಟ್ ಕೊಂಡು ಒಳಹೊಕ್ಕ ನಾವು ನೋಡುವುದೇನನ್ನು? ಹೋಗಿ ವಾಪಸು ಬಂದ ಕೆಲವನ್ನು, ಹೋಗಬೇಕಿದ್ದು ಹೋಗದೆ ಉಳಿದ ಹಲವನ್ನು, ಮತ್ತೆ ನೋಡುಗರಿಗೆಂದೇ ಮಾಡಿಟ್ಟ ಮಾದರಿಗಳನ್ನು. ಈ ಮೂರನ್ನು ಬೇರ್ಪಡಿಸಿ ನೋಡಲು ಕಲಿತರೆ ಸಾಕು, ಅರ್ಧ ರಸಿಕರಾದಂತೆ. ಪ್ರತಿ ವಸ್ತುವಿನ ಮುಂದೆ ನಿಂತು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಹಾರಿತ್ತೇ?

ಫ್ಲಾರಿಡಾದ ಮೆರಿಟ್ ದ್ವೀಪದಲ್ಲಿರುವ ನಾಸಾದ ಕೆನಡಿ ಬಾಹ್ಯಾಕಾಶ ಕೇಂದ್ರದ ಸಂದರ್ಶಕರ ಸಂಕೀರ್ಣ ಈ ಅಭ್ಯಾಸಕ್ಕೆ ಒಳ್ಳೆಯ ಜಾಗ. ಒರ್ಲಾಂಡೊದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮ ಕಡೆಯ ಅಪ್ಪ-ಅಮ್ಮಂದಿರು ಮೊಮ್ಮಕ್ಕಳ ಜೊತೆ ಡಿಸ್ನಿ ನೋಡಲು ಹೋದಾಗ ಒಂದು ದಿನ ಇಲ್ಲಿಗೂ ಬರುತ್ತಾರೆ. ಬಂದವರಲ್ಲಿ ಬಹಳಷ್ಟು ಜನ ಬಾಗಿಲಲ್ಲೇ ಫೋಟೊ ತೆಗೆಯುವುದರಲ್ಲಿ, ಸಿಮ್ಯುಲೇಟರಿನ ಸಾಲಿನಲ್ಲಿ ಹೊತ್ತು ಕಳೆದು, ಮುಖ್ಯವಾದದ್ದಕ್ಕೆ ಸಮಯವಿಲ್ಲದೆ ಓಡುತ್ತಾರೆ. ನನ್ನ ಮಾತು ಕೇಳುವುದಾದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಬಸ್ಸು ಹತ್ತಿ ಅಪೊಲೊ/ಸ್ಯಾಟರ್ನ್-5 ಕೇಂದ್ರಕ್ಕೆ ಹೋಗಿಬಿಡಿ. ಅಲ್ಲಿಗೆ ಬಸ್ಸಿನಲ್ಲಿ ಮಾತ್ರ ಹೋಗಬಹುದು.

ಬಸ್ಸಿನ ಕಿಟಕಿಯಿಂದ ರಾಕೆಟ್ ಜೋಡಿಸುವ ಕಟ್ಟಡ ಕಾಣುತ್ತದೆ. 160 ಮೀಟರ್ ಎತ್ತರ. ಸುತ್ತ ಬೇರೆ ಕಟ್ಟಡವಿಲ್ಲದ್ದರಿಂದ ಅಂದಾಜು ಸಿಗುವುದೇ ಇಲ್ಲ. ಅದರ ಗೋಡೆಯ ಮೇಲಿನ ಬಾವುಟದ ಒಂದೊಂದು ನಕ್ಷತ್ರವೂ ಆಳೆತ್ತರ ಎಂದು ನೆನಪಿಟ್ಟುಕೊಂಡು ಮತ್ತೊಮ್ಮೆ ನೋಡಿ. ಅಲ್ಲಿಂದ ಉಡಾವಣಾ ಕಟ್ಟೆಯ ಕಡೆಗೆ ಹೋಗುವ ಅಗಲವಾದ ದಾರಿಗೆ ನದಿಯ ಉರುಟುಕಲ್ಲು ಹಾಸಿದ್ದಾರೆ. ರಾಕೆಟ್ ಹೊತ್ತ ದೈತ್ಯ ಗಾಡಿ ನಡೆದಾಡುವ ವೇಗಕ್ಕಿಂತಲೂ ನಿಧಾನವಾಗಿ ಅದರ ಮೇಲೆ ತೆವಳುವಾಗ ಕಿಡಿ ಹಾರಬಾರದಲ್ಲ, ಅದಕ್ಕೆ.

ಅಪೊಲೊ ಕೇಂದ್ರದಲ್ಲಿ ಮೊದಲು ಒಂದು ಕೋಣೆಯಲ್ಲಿ ಕೂರಿಸುತ್ತಾರೆ. 1968ರ ಡಿಸೆಂಬರ್ 21ರಂದು ಅಪೊಲೊ-8 ಹಾರಿದ ಗಳಿಗೆಯನ್ನು ಸದ್ದು, ಬೆಳಕಿನಲ್ಲಿ ಮತ್ತೆ ಆಡಿಸುತ್ತಾರೆ. ಕಿಟಕಿಗಳು ಗಡಗಡ ನಡುಗುತ್ತವೆ. ನಡುಗುವಿಕೆ ನಾಟಕವೇ, ಆದರೆ ಎದುರಿಗಿರುವ ಗುಂಡಿ, ದೀಪಗಳ ಮೇಜುಗಳು ಆ ಕಾಲದ ಅಸಲಿ ಮೇಜುಗಳು. ಕಣ್ಣು ಅವುಗಳ ಮೇಲಿರಲಿ.

ಬಾಗಿಲು ತೆರೆದರೆ ಎದುರಿಗೆ ಐದು ಎಂಜಿನ್‌ಗಳ ಬಾಯಿ. ಒಂದೊಂದರ ಅಗಲ ಮೂರೂವರೆ ಮೀಟರಿಗೂ ಹೆಚ್ಚು. ಅದರ ಹಿಂದೆ 110 ಮೀಟರ್ ಉದ್ದದ ಸ್ಯಾಟರ್ನ್-5 ಅಡ್ಡಲಾಗಿ ಮಲಗಿದೆ. ಇಲ್ಲಿ ಅವಸರ ಬೇಡ. ಬಾಲದಿಂದ ಮೂತಿಯ ಕಡೆಗೆ ನಿಧಾನವಾಗಿ ನಡೆಯಿರಿ, ನಡೆಯುತ್ತಾ ಪ್ರಯಾಣದಲ್ಲಿ ಏನೇನು ಕಳಚಿ ಬೀಳುತ್ತಿತ್ತು ಎಂದು ಲೆಕ್ಕ ಹಾಕುತ್ತಾ ಹೋಗಿ. ಈ ಐದು ಎಂಜಿನ್‌ಗಳು ಶುದ್ಧೀಕರಿಸಿದ ಸೀಮೆಎಣ್ಣೆಯನ್ನೂ ದ್ರವ ಆಮ್ಲಜನಕವನ್ನೂ ಸೇರಿಸಿ ಸೆಕೆಂಡಿಗೆ ಸುಮಾರು 13 ಟನ್ ಉರಿಸುತ್ತಿದ್ದವು. ಎರಡೂವರೆ ನಿಮಿಷ ಕಳೆಯುವಷ್ಟರಲ್ಲಿ ಈ ಮೊದಲ ಹಂತದ ಕೆಲಸ ಮುಗಿದು ಅಟ್ಲಾಂಟಿಕ್ ಸಮುದ್ರದ ಪಾಲು. ಮುಂದೆ ನಡೆದರೆ ಎರಡನೇ ಹಂತ, ದ್ರವ ಜಲಜನಕದ್ದು. ಸುಮಾರು ಆರು ನಿಮಿಷ ಉರಿದು ಅದೂ ಸಮುದ್ರಕ್ಕೆ. ಮೂರನೆಯದು ಎರಡು ಸಲ ಉರಿಯುತ್ತಿತ್ತು: ಭೂಮಿಯ ಕಕ್ಷೆ ಸೇರಲು ಒಮ್ಮೆ, ಚಂದ್ರನ ಕಡೆಗೆ ತಳ್ಳಲು ಮತ್ತೊಮ್ಮೆ. ಅಪೊಲೊ-14ರ ಮೂರನೇ ಹಂತವನ್ನು ಬೇಕೆಂದೇ ಚಂದ್ರನಿಗೆ ಅಪ್ಪಳಿಸಿದರು. ಅಪೊಲೊ-12ರವರು ಅಲ್ಲಿಟ್ಟು ಬಂದಿದ್ದ ಕಂಪನಮಾಪಕ ಅದನ್ನು ದಾಖಲಿಸಿತು. ಇಷ್ಟುದ್ದ ನಡೆದು ತುದಿ ಮುಟ್ಟುವಾಗ ಉಳಿಯುವುದು ನಾಲ್ಕು ಮೀಟರೂ ಅಗಲವಿಲ್ಲದ ಒಂದು ಶಂಕು. ಮೂವರು ಗಗನಯಾತ್ರಿಗಳನ್ನು ಹೊತ್ತು ವಾಪಸು ಬರುತ್ತಿದ್ದುದು ಅದೊಂದೇ.

ಈಗ ನಮ್ಮ ಪ್ರಶ್ನೆ. ಈ ಸ್ಯಾಟರ್ನ್-5 ಹಾರಿತ್ತೇ? ಇಲ್ಲ. ಇದರ ಮೊದಲ ಹಂತ ಪರೀಕ್ಷೆಗೆಂದು ಕಟ್ಟಿದ್ದು. ಎರಡನೆಯ, ಮೂರನೆಯ ಹಂತಗಳು ಚಂದ್ರನಿಗೆ ಹೊರಡಲೆಂದೇ ತಯಾರಾದವು. 1970ರಲ್ಲಿ ಕೊನೆಯ ಅಪೊಲೊ ಯಾತ್ರೆಗಳು ರದ್ದಾದ ಮೇಲೆ ಇಲ್ಲೇ ಉಳಿದವು. 1996ರಲ್ಲಿ ಈ ಸೂರಿನಡಿ ಬರುವ ತನಕ ಇಡೀ ರಾಕೆಟ್ ಮಳೆ, ಉಪ್ಪುಗಾಳಿಗೆ ಮೈಯೊಡ್ಡಿ ಬಯಲಲ್ಲಿ ಬಿದ್ದಿತ್ತು. ಚಂದ್ರನಿಗೆ ಜನರನ್ನು ಕಳಿಸಿದ ದೇಶವೇ ಮಿಕ್ಕ ವಾಹನವನ್ನು ಹೀಗೆ ಬಿಟ್ಟಿತ್ತು ಎಂಬುದೂ ಆ ಚರಿತ್ರೆಯ ಭಾಗವೇ. ಪಕ್ಕದಲ್ಲಿ ತೂಗುಹಾಕಿರುವ ಚಂದ್ರನೌಕೆಯದೂ ಅದೇ ಕಥೆ. ಮೊದಲು ಅಪೊಲೊ-15ಕ್ಕೆಂದು ಇಟ್ಟಿದ್ದರು. ಆ ಯಾತ್ರೆ ಹಿಗ್ಗಿ, ಓಡಾಡುವ ಗಾಡಿಯನ್ನೂ ಒಯ್ಯುವುದೆಂದಾದಾಗ ಇದಕ್ಕಿಂತ ಹೊಸ ಬಗೆಯ ನೌಕೆ ಹೋಯಿತು, ಇದು ನಿಂತಿತು.

ಅದೇ ಕಟ್ಟಡದಲ್ಲಿ ಅಪೊಲೊ-14ರ ಶಂಕು, ಕಿಟ್ಟಿ ಹಾಕ್, ಇದೆ. 1971ರಲ್ಲಿ ಚಂದ್ರನ ತನಕ ಹೋಗಿ ಬಂದದ್ದು. ದೊಡ್ಡ ರಾಕೆಟ್ಟಿನಿಂದ ನೇರ ಇದರ ಬಳಿ ಬನ್ನಿ, ಎರಡಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ಅದು ಬಣ್ಣ ಬಳಿದುಕೊಂಡು ಹೊಳೆಯುತ್ತದೆ. ಇದರ ಮೈ ಕಮರಿದೆ. ಸೆಕೆಂಡಿಗೆ ಸುಮಾರು 11 ಕಿಲೊಮೀಟರ್ ವೇಗದಲ್ಲಿ ಗಾಳಿಯೊಳಕ್ಕೆ ನುಗ್ಗಿದಾಗ ಹೊರಕವಚ ತಾನು ಸುಟ್ಟುಕೊಂಡು ಒಳಗಿದ್ದವರನ್ನು ಉಳಿಸಿತು. ಜೇನುಗೂಡಿನಂಥ ಕಣ್ಣುಗಳ ಆ ಕವಚಕ್ಕೆ ಕೆಲಸಗಾರರು ಒಂದೊಂದು ಕಣ್ಣನ್ನೂ ಕೈಯಲ್ಲೇ ತುಂಬಿದ್ದರು. ಚಂದ್ರಶಿಲೆಯ ತುಣುಕೊಂದನ್ನು ಮುಟ್ಟಲೂ ಬಿಡುತ್ತಾರೆ. ಸಾಲು ಚಿಕ್ಕದಿದ್ದರೆ ಮುಟ್ಟಿ.

ಮಧ್ಯಾಹ್ನ ವಾಪಸು ಬಂದು ಅಟ್ಲಾಂಟಿಸ್ ನೋಡಿ. ಕಟ್ಟಡದ ಮುಂದೆ ಎದ್ದು ನಿಂತಿರುವ ಕಿತ್ತಳೆ ಬಣ್ಣದ ಇಂಧನ ತೊಟ್ಟಿ, ಬಿಳಿ ಕಂಬಗಳಂಥ ಎರಡು ಬೂಸ್ಟರುಗಳು ಬರೀ ಮಾದರಿ. ಒಳಗಿರುವುದು ನಿಜವಾದ ಸ್ಪೇಸ್ ಷಟಲ್. 33 ಸಲ ಹಾರಿ, 2011ರ ಜುಲೈ 21ರಂದು ಕೊನೆಯ ಸಲ ನೆಲಕ್ಕಿಳಿದದ್ದು. ಅದನ್ನು 43.21 ಡಿಗ್ರಿ ವಾಲಿಸಿ, ಸರಕುಕೋಣೆಯ ಬಾಗಿಲು ತೆರೆದು, ಆಕಾಶದಲ್ಲಿ ಇದ್ದ ಹಾಗೆಯೇ ನಿಲ್ಲಿಸಿದ್ದಾರೆ. ನಾಲ್ಕು, ಮೂರು, ಎರಡು, ಒಂದು ಎಂಬ ಎಣಿಕೆಗೆಂದು ಆರಿಸಿದ ಕೋನವಂತೆ. ಚಮತ್ಕಾರ ಬಿಡಿ, ಹೊಟ್ಟೆಯೂ ಬೆನ್ನೂ ಎರಡೂ ಕಾಣುತ್ತವೆ ಎಂಬುದೇ ನಮಗೆ ಲಾಭ.

ಹೊಟ್ಟೆಯ ಕೆಳಗೆ ಹೋಗಿ ನಿಲ್ಲಿ. ಶಾಖ ತಡೆಯುವ ಟೈಲ್‌ಗಳಲ್ಲಿ ಕೆಲವು ಕಡುಕಪ್ಪು, ಕೆಲವು ಮಾಸಿದ ಬೂದು. ಮಾಸಿದವು ಹಲವು ಸಲ ಬೆಂಕಿ ಕಂಡವು, ಕಪ್ಪಗಿರುವವು ಆಮೇಲೆ ಬದಲಿಸಿದವು. ಇದೇ ಅಟ್ಲಾಂಟಿಸಿನ 1988ರ ಡಿಸೆಂಬರಿನ ಯಾತ್ರೆಯಲ್ಲಿ ಮೇಲೇರುವಾಗಲೇ ಬೂಸ್ಟರಿನ ಮೂತಿಯಿಂದ ಕಳಚಿದ ಚೂರುಗಳು ಬಡಿದು 700ಕ್ಕೂ ಹೆಚ್ಚು ಕಡೆ ಪೆಟ್ಟಾಯಿತು, ಒಂದು ಟೈಲ್ ಪೂರ್ತಿ ಕಿತ್ತುಹೋಯಿತು. ಆ ಜಾಗದ ಹಿಂದೆ ಆಂಟೆನಾದ ದಪ್ಪ ಲೋಹದ ತಟ್ಟೆ ಇದ್ದದ್ದರಿಂದ ಐವರು ಬದುಕಿ ಬಂದರು.

ಇನ್ನೊಂದು ಷಟಲ್ ಕೊಲಂಬಿಯಾಕ್ಕೆ ಆ ಅದೃಷ್ಟ ಇರಲಿಲ್ಲ. ತೊಟ್ಟಿಯಿಂದ ಕಳಚಿದ ನೊರೆಯ ತುಂಡು ಎಡರೆಕ್ಕೆಗೆ ಬಡಿದು, 2003ರ ಫೆಬ್ರುವರಿ 1ರಂದು ಮರಳುವ ದಾರಿಯಲ್ಲಿ ನೌಕೆ ಚೂರಾಯಿತು. ಅಟ್ಲಾಂಟಿಸಿನ ಕೆಳಗೇ ಇರುವ ಸ್ಮರಣ ಕೋಣೆಯಲ್ಲಿ ಅದರ ಕಿಟಕಿಯ ಚೌಕಟ್ಟುಗಳೂ, 1986ರಲ್ಲಿ ಹಾರಿದ 73 ಸೆಕೆಂಡಿಗೇ ನಾಶವಾದ ಚಾಲೆಂಜರಿನ ಮೈಯ ಒಂದು ಹಲಗೆಯೂ ಇವೆ. ಎರಡೂ ಅಪಘಾತಗಳಲ್ಲಿ ಮಡಿದ ಹದಿನಾಲ್ಕು ಜನರಿಗೂ ಒಂದೊಂದು ಗಾಜಿನ ಕಪಾಟು. ಕಲ್ಪನಾ ಚಾವ್ಲಾ ಅವರದೂ ಇದೆ. ಅವರ ಹೆಸರನ್ನೇ ಇಸ್ರೋ ತನ್ನ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ಇಟ್ಟಿತು. ಈ ಕೋಣೆಯನ್ನು ಕೊನೆಗೆಂದು ಇಟ್ಟುಕೊಳ್ಳಬೇಡಿ. ಟೈಲ್‌ಗಳನ್ನು ನೋಡಿದ ಕೂಡಲೇ ಹೋದರೆ ಅಪಘಾತದ ಕಾರಣ ತಾನಾಗಿಯೇ ಅರ್ಥವಾಗುತ್ತದೆ.

ಅಟ್ಲಾಂಟಿಸಿನಲ್ಲೂ ಒಂದು ಗುಟ್ಟಿದೆ: ಬಾಲದಲ್ಲಿ ಕಾಣುವ ಮೂರು ಎಂಜಿನ್‌ಗಳು ಬರೀ ತೋರಿಕೆಯವು. ಷಟಲ್‌ಗಳ ನಿಜವಾದ ಎಂಜಿನ್‌ಗಳನ್ನು ನಾಸಾ ಬಿಚ್ಚಿಟ್ಟುಕೊಂಡಿತು. ಅಂಥ ನಾಲ್ಕು 2022ರ ನವೆಂಬರಿನಲ್ಲಿ ಆರ್ಟೆಮಿಸ್-1 ಯಾತ್ರೆಯ ರಾಕೆಟ್ಟಿನ ಅಡಿಯಲ್ಲಿ ಉರಿದು ಸಾಗರ ಸೇರಿದವು.

ಬಿಸಿಲು ಇಳಿದ ಮೇಲೆ ಬಾಗಿಲ ಬಳಿಯ ರಾಕೆಟ್ ತೋಟ. ರೆಡ್‌ಸ್ಟೋನ್, ಅಟ್ಲಾಸ್, ಟೈಟನ್ ಎಂದು ಸಾಲಾಗಿ ನಿಂತಿವೆ. ಇವು ಮೂಲದಲ್ಲಿ ಬಾಂಬು ಹೊರಲು ಮಾಡಿದ ಕ್ಷಿಪಣಿಗಳ ವಂಶದವು. ಫಲಕಗಳು ಆ ಮಾತನ್ನು ಎಷ್ಟು ಮೆಲ್ಲಗೆ ಹೇಳುತ್ತವೆ ಎಂದು ಗಮನಿಸಿ. ನಿಂತವುಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಮಲಗಿರುವ ಸ್ಯಾಟರ್ನ್-1ಬಿಯನ್ನು ದಾಟಿ ಹೋಗುತ್ತಾರೆ. ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು ಅಪಾಯಕ್ಕೆ ಸಿಕ್ಕರೆ ಕರೆತರಲೆಂದು 1973ರಲ್ಲಿ ಸಜ್ಜಾಗಿಟ್ಟಿದ್ದ ರಾಕೆಟ್ ಅದು. ಅವರು ತಮ್ಮ ನೌಕೆಯಲ್ಲೇ ಸುರಕ್ಷಿತವಾಗಿ ಮರಳಿದ್ದರಿಂದ ಅದರ ಅಗತ್ಯ ಬೀಳಲಿಲ್ಲ.