ಸಾಲದ ಅಂಕಿಯೂ ಮನೆಯ ನಿಜಸ್ಥಿತಿಯೂ

ಚಾಮರಾಜನಗರದ ಸಮೀಪದಲ್ಲಿರುವ ಹರದನಹಳ್ಳಿಯು ತೋಂಟದ ಸಿದ್ಧಲಿಂಗ ಯತಿಗಳ ಜನ್ಮಸ್ಥಳವೆಂಬುದು ಸಾಹಿತ್ಯಾಭ್ಯಾಸಿಗಳಿಗೆ ವಿದಿತವೇ ಇದೆ. ಆ ಊರ ಹೆಸರಿನಲ್ಲಿ ಕೇಳಿಬರುವ 'ಹರದ' ಎಂಬ ಶಬ್ದಕ್ಕೆ ಹಿಂದಿನ ಕನ್ನಡದಲ್ಲಿ ವರ್ತಕನೆಂದು ಅರ್ಥ. ವರ್ತಕನಿದ್ದಲ್ಲಿ ಸಾಲವುಂಟು; ಸಾಲವಿದ್ದಲ್ಲಿ ಲೆಕ್ಕವುಂಟು. ಆ ಲೆಕ್ಕವು ನಾಡಿನ ಸ್ಥಿತಿಗೆ ಎಷ್ಟರಮಟ್ಟಿಗೆ ಸೂಚಕವಾದೀತೆಂಬುದು ವಿಚಾರಾರ್ಹವಾದ ವಿಷಯ.

ಈ ಬಗೆಯ ಲೆಕ್ಕಗಳಲ್ಲಿ ಮುಖ್ಯವಾದುದು ೨೦೧೯ರಲ್ಲಿ ನಡೆದ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆ. ಸಾಲ ಯಾರಿಂದ ಬಂದಿತು, ಯಾವ ಉದ್ದೇಶಕ್ಕೆ, ಎಷ್ಟು ಬಡ್ಡಿಗೆ ಎಂಬುದನ್ನೆಲ್ಲ ವಿಚಾರಿಸಿರುವುದು ಅದರ ಗುಣ. ಗ್ರಾಮಾಂತರದ ಮನೆಗಳಲ್ಲಿ ನೂರಕ್ಕೆ ೩೫ ಸಾಲದಲ್ಲಿದ್ದುವೆಂದೂ, ಮನೆಯೊಂದರ ಸರಾಸರಿ ಸಾಲ ೫೯,೭೪೮ ರೂಪಾಯಿಯೆಂದೂ ಅದು ಹೇಳುತ್ತದೆ. ಆದರೆ ಈ ಸರಾಸರಿಯಲ್ಲಿ ಸಾಲವಿಲ್ಲದ ಮನೆಗಳೂ ಸೇರಿವೆ. ಅವನ್ನು ಬಿಟ್ಟು ಎಣಿಸಿದರೆ ಮೊತ್ತವು ಸುಮಾರು ೧ ಲಕ್ಷ ೭೦ ಸಾವಿರಕ್ಕೆ ಏರುತ್ತದೆ. ಮೊದಲನೆಯ ಅಂಕಿಯನ್ನು ಮಾತ್ರ ಉದ್ಧರಿಸುವವರು ಹೊರೆಯನ್ನು ಹೊರದವರ ಹೆಗಲ ಮೇಲೂ ಹಂಚಿದಂತಾಗುತ್ತದೆ.

ಇನ್ನು, ಸಾಲ ಹೆಚ್ಚಿದರೆ ದಾರಿದ್ರ್ಯ ಹೆಚ್ಚಿತೆನ್ನಬಹುದೆ? ಪಂಜಾಬಿನ ರೈತರನ್ನು ಕುರಿತು ಎಂ. ಎಲ್. ಡಾರ್ಲಿಂಗ್ ೧೯೨೫ರಲ್ಲಿ ಪ್ರಕಟಿಸಿದ ಗ್ರಂಥವು ಇದನ್ನು ಒಪ್ಪುವುದಿಲ್ಲ. ಭೂಮಿಯ ಬೆಲೆ ಏರಿದಲ್ಲಿ ಕೊಡುವವರ ನಂಬಿಕೆಯೂ ಏರಿ, ಅನುಕೂಲವಿದ್ದವನೂ ಸಾಲಗಾರನಾದನೆಂಬುದು ಅಲ್ಲಿಯ ಸಿದ್ಧಾಂತ. ಆದುದರಿಂದ ಮೊತ್ತವೊಂದೇ ದ್ವ್ಯರ್ಥವಾದುದು: ಬಾವಿ ತೋಡಿಸಿದ ಸಾಲವೂ ಹಳೆಯ ಸಾಲವನ್ನು ತೀರಿಸಲು ಮಾಡಿದ ಸಾಲವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ಸರ್ವಜ್ಞನ ಪ್ರಸಿದ್ಧ ತ್ರಿಪದಿಯೊಂದು ಸಾಲ ಪಡೆಯುವ ಗಳಿಗೆಯನ್ನೂ ಕೊಟ್ಟವನು ಬಂದು ಎಳೆಯುವ ಗಳಿಗೆಯನ್ನೂ ಬೇರೆಬೇರೆಯಾಗಿ ಕಂಡಿದೆ. ಸಮೀಕ್ಷೆಯ ಮೊತ್ತವೋ ೨೦೧೮ರ ಜೂನ್ ೩೦ ಎಂಬ ಒಂದೇ ದಿನಕ್ಕೆ ನಿಂತಿದೆ. ಎಷ್ಟು ಸಾಲವಿದೆಯೆಂಬುದಕ್ಕಿಂತ ಆದಾಯದಲ್ಲಿ ಎಷ್ಟು ಭಾಗ ಕಂತಿಗೆ ಹೋಗುತ್ತದೆಯೆಂಬುದೇ ಹೆಚ್ಚು ನಿಷ್ಕೃಷ್ಟವಾದ ಸೂಚಕ. ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಕಿರುಸಾಲಕ್ಕೆ ವಿಧಿಸಿದ ನಿಯಮದ ತಿರುಳೂ ಇದೇ: ವರ್ಷಕ್ಕೆ ೩ ಲಕ್ಷ ರೂಪಾಯಿಗೆ ಮೀರದ ವರಮಾನದ ಮನೆಯಲ್ಲಿ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಕೂಡದು. ತತ್ತ್ವವು ಸಾಧುವಾದುದೇ. ಆದರೆ ಆದಾಯವನ್ನು ಅಂದಾಜು ಮಾಡುವುದು ಸಾಲ ಕೊಡುವ ಸಂಸ್ಥೆಯೇ; ನೆರೆಯವರಿಂದ ಪಡೆದ ಕೈಗಡವು ಯಾವ ದಾಖಲೆಗೂ ಏರದು.

ಇದರ ಪರಿಣಾಮವು ಹರದನಹಳ್ಳಿಯ ನೆರೆಯಲ್ಲೇ ಕಂಡುಬಂದಿತು. ೨೦೨೫ರ ಜನವರಿಯಲ್ಲಿ ಚಾಮರಾಜನಗರ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಗೆ ಅಂಜಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟುವೆಂದು ವರದಿಗಳಾದುವು. ರಾಜ್ಯದ ಇತರ ಕಡೆಗಳಿಂದಲೂ ಇಂತಹ ದೂರುಗಳು ಬಂದುವು. ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶಕ್ಕೆ ಫೆಬ್ರವರಿ ೧೨ರಂದು ರಾಜ್ಯಪಾಲರ ಅಂಕಿತ ಬಿದ್ದಿತು. ಹತ್ತು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಲು ಅದರಲ್ಲಿ ಅವಕಾಶವಿತ್ತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಮೀಕ್ಷೆಯು ಬಾಗಿಲು ತಟ್ಟಿ ಉತ್ತರ ಪಡೆಯುವ ಕ್ರಮ. ಬೀಗ ಬಿದ್ದ ಮನೆ ಉತ್ತರ ಕೊಡದು. ಸಾಲವು ಪರಾಕಾಷ್ಠೆಗೆ ಮುಟ್ಟಿದ ಮನೆಯೇ ಎಣಿಕೆಯಿಂದ ಜಾರಿಹೋಗುತ್ತದೆ.

ಕನ್ನಡದಲ್ಲಿ 'ಸಾಲಗಾರ'ನೆಂಬ ಶಬ್ದವು ಕೊಂಡವನಿಗೂ ಸಲ್ಲುತ್ತದೆ, ಕೊಟ್ಟವನಿಗೂ ಸಲ್ಲುತ್ತದೆ. ಇದನ್ನು ಭಾಷೆಯ ಅಸ್ಪಷ್ಟತೆಯೆಂದು ತಳ್ಳಿಹಾಕಲಾಗದು. ಗುಂಪಿನ ಹೊಣೆಯ ಮೇಲೆ ಸಾಲ ಪಡೆದ ಹೆಂಗಸು ತನ್ನ ಕಂತಿಗೆ ಮಾತ್ರವಲ್ಲದೆ ನೆರೆಯವಳ ಕಂತಿಗೂ ಬಾಧ್ಯಳು. ಒಬ್ಬಳು ಊರು ಬಿಟ್ಟರೆ ಉಳಿದವರ ಹೊರೆ ಹೆಚ್ಚುವುದು. ಮನೆಮನೆಯನ್ನೂ ಬಿಡಿಯಾಗಿ ಎಣಿಸುವ ಲೆಕ್ಕಕ್ಕೆ ಈ ಸಂಬಂಧವು ಸಿಕ್ಕುವುದಿಲ್ಲ. ಸಾಲದ ಅಂಕಿಯನ್ನು ಸೂಚಕವೆಂದು ಗ್ರಹಿಸುವವರು ಮೊತ್ತದೊಡನೆ ಕಂತನ್ನೂ, ಕಂತಿನೊಡನೆ ಹೊಣೆಯನ್ನೂ, ತೆರೆದ ಬಾಗಿಲುಗಳೊಡನೆ ಬೀಗ ಬಿದ್ದ ಬಾಗಿಲುಗಳನ್ನೂ ಎಣಿಸತಕ್ಕದ್ದು.