ಕೊಡಲಿ ಎತ್ತದ ನಾಲ್ವರು

ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ಮಲಪ್ರಭೆಯ ನೀರಿಗೆ ರೇಣುಕಾಸಾಗರ ಎಂದು ಹೆಸರು. ಮರಳಿನ ಕೊಡ ಮಾಡಿ, ಹಾವಿನ ಸಿಂಬಿ ಇಟ್ಟು ರೇಣುಕೆ ನೀರು ಹೊತ್ತದ್ದು ಈ ಹೊಳೆಯಿಂದಲೇ ಎಂಬುದು ಸವದತ್ತಿ ಸೀಮೆಯ ನಂಬಿಕೆ. ಒಂದು ದಿನ ಅವಳ ಮನಸ್ಸು ಕದಲಿತು, ಕೊಡ ನಿಲ್ಲಲಿಲ್ಲ. ತಾಯಿಯ ತಲೆ ಕಡಿಯಿರೆಂದು ಜಮದಗ್ನಿ ಮಕ್ಕಳಿಗೆ ಹೇಳಿದ. ಮುಂದಿನದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ನಾವು ಪರಶುರಾಮನನ್ನಷ್ಟೇ ನೋಡುತ್ತೇವೆ, ಕೊಡಲಿ ಎತ್ತದ ನಾಲ್ವರು ಅಣ್ಣಂದಿರನ್ನು ದಾಟಿ ಹೋಗುತ್ತೇವೆ.

ಮಹಾಭಾರತದ ವನಪರ್ವದಲ್ಲಿ ಆ ನಾಲ್ವರು ‘ಒಲ್ಲೆವು’ ಎಂದೂ ಅನ್ನುವುದಿಲ್ಲ. ದಿಕ್ಕೆಟ್ಟು ಸುಮ್ಮನೆ ನಿಲ್ಲುತ್ತಾರೆ. ಶಾಪ ತಗುಲಿ ಮೃಗಗಳಂತೆ ಜಡರಾಗುತ್ತಾರೆ. ವಿಧೇಯತೆಗೆ ಕಥೆಯಲ್ಲಿ ಮಾತಿದೆ, ನಿರಾಕರಣೆಗೆ ಮಾತಿಲ್ಲ. ನೈತಿಕ ವಿವೇಚನೆಗೆ ಮೆಟ್ಟಿಲು ಕಟ್ಟಿದ ಲಾರೆನ್ಸ್ ಕೋಲ್‌ಬರ್ಗ್ ಕೂಡ 1958ರ ತನ್ನ ಸಂಶೋಧನೆಯಲ್ಲಿ ಅಳೆದದ್ದು 10ರಿಂದ 16 ವಯಸ್ಸಿನ ಹುಡುಗರು ಕೊಟ್ಟ ಕಾರಣಗಳನ್ನು. ಕಾರಣ ಹೇಳಲಾಗದೆ ನಿಂತವನಿಗೆ ಆ ಮೆಟ್ಟಿಲಲ್ಲಿ ಎಲ್ಲಿ ಜಾಗ?

ಮಕ್ಕಳ ವಯಸ್ಸನ್ನು ಕಥೆ ಹೇಳುವುದಿಲ್ಲ. ಕಿರಿಯವನನ್ನು ನಾನು ಹದಿಹರೆಯದವನೆಂದೇ ಓದುತ್ತೇನೆ. ಲಾರೆನ್ಸ್ ಸ್ಟೈನ್‌ಬರ್ಗ್‌ನಂಥ ಮನೋವಿಜ್ಞಾನಿಗಳ ಪ್ರಕಾರ, ಶಾಂತವಾಗಿ ಯೋಚಿಸಲು ಬಿಟ್ಟರೆ ಹದಿನಾರರವರು ದೊಡ್ಡವರಷ್ಟೇ ಚೆನ್ನಾಗಿ ತರ್ಕಿಸಬಲ್ಲರು. ಆವೇಗದಲ್ಲಿ, ಒತ್ತಡದಲ್ಲಿ ಎಡವುತ್ತಾರೆ. ಆವೇಗವನ್ನು ಹಿಡಿದು ನಿಲ್ಲಿಸುವ ಮಿದುಳಿನ ಮುಂಭಾಗ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಪರಶುರಾಮನ ವಿವೇಕವೂ ತಡವಾಗಿ, ವರಗಳ ರೂಪದಲ್ಲಿ ಬರುತ್ತದೆ: ತಾಯಿ ಏಳಲಿ, ಕೊಂದದ್ದರ ನೆನಪು ಉಳಿಯದಿರಲಿ, ಪಾಪ ತಟ್ಟದಿರಲಿ, ಅಣ್ಣಂದಿರು ಮೊದಲಿನಂತಾಗಲಿ. ನೆನಪು ಯಾರದು? ತಾಯಿಯದೆಂದು ವಾಡಿಕೆಯ ಓದು. ಮಗನದೂ ಇರಬಹುದೆಂದು ನನ್ನ ಅನುಮಾನ. ಇದನ್ನು ಬರೀ ಪಿತೃವಾಕ್ಯ ಪರಿಪಾಲನೆ ಎಂದು ಹೊಗಳುವ ಓದು ಆ ಹುಡುಗನ ಹೆದರಿಕೆಯನ್ನು ಕಾಣುವುದಿಲ್ಲ.

ಈ ಓದಿನಲ್ಲೂ ಒಂದು ಕೊರತೆಯಿದೆ: ಪರೀಕ್ಷೆಯೆಲ್ಲ ಗಂಡುಮಕ್ಕಳಿಗೇ. ಕೋಲ್‌ಬರ್ಗ್‌ನ ಅಳತೆಗೋಲಿನ ಬಗ್ಗೆ ಕ್ಯಾರಲ್ ಗಿಲಿಗನ್ ಇದೇ ತಕರಾರನ್ನು ಪುಸ್ತಕವಾಗಿಸಿದ್ದು 1982ರಲ್ಲಿ. ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ವರ್ಷವೂ ಅದೇ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರಲ್ಲಿ ಎಷ್ಟೋ ಮಂದಿ ಇನ್ನೂ ಮೈನೆರೆಯದವರು. ಹೆಣ್ಣು ಒಪ್ಪಿದ್ದರೂ ಒಪ್ಪದಿದ್ದರೂ ಸಮರ್ಪಣೆ ಅಸಿಂಧು ಎನ್ನುತ್ತದೆ ಆ ಕಾಯ್ದೆ. ಆ ವಯಸ್ಸಿನ ಒಪ್ಪಿಗೆಯ ಹಿಂದೆ ಮನೆಯ ಹಿರಿಯರೇ ನಿಂತಿರುತ್ತಾರೆ ಎಂಬುದನ್ನು ಬಲ್ಲವರು ಬರೆದ ಮಾತು ಅದು. ಜೋಗತಿಯರು ಚೌಡಿಕೆ ಹಿಡಿದು ಈ ಕಥೆಯನ್ನು ಹಾಡುವಾಗ ಅವರ ಧ್ವನಿ ಯಾರ ಕಡೆಗೆ ವಾಲುತ್ತದೆ ಎಂಬುದನ್ನು ನಮ್ಮ ವಿಮರ್ಶೆ ಇನ್ನೂ ಕಿವಿಗೊಟ್ಟು ಕೇಳಬೇಕಿದೆ. ಜಡತ್ವ ಬಿಟ್ಟು ಎದ್ದ ಅಣ್ಣಂದಿರು ತಮ್ಮನ ಮುಖ ನೋಡಿ ಏನೆಂದರೋ, ವನಪರ್ವ ಅದನ್ನು ಹೇಳುವುದಿಲ್ಲ.