ಜೆಆರ್‌ಎಫ್ ಹೊಗಳುವವರು ಓದದ ಕಲಮು

ಹೈದರಾಬಾದಿನಲ್ಲಿ ಭಾಷಾವಿಜ್ಞಾನ ಓದುವವರ ನಡುವೆ ಜೆಆರ್‌ಎಫ್‌ಗೆ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನೆಟ್ ಪರೀಕ್ಷೆಯ ಮೂಲಕ ಕೊಡುವ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ, ಇರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದ ಹುಡುಗರ ಮನೆಗಳಲ್ಲಿ ಅದು ಸರ್ಕಾರಿ ನೌಕರಿಗೆ ಸಮ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದು ಹಿರಿಯ ಫೆಲೋ (ಎಸ್‌ಆರ್‌ಎಫ್) ಆದಮೇಲೆ 42,000. ಈ ಮೊತ್ತದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಭಾಷಾ ಸಂಶೋಧನೆಗೆ ಇದೇ ಬೆನ್ನೆಲುಬು ಎಂಬ ಮಾತನ್ನು ಒಪ್ಪಲಾರೆ. ಸಂಶೋಧಕನ ಊಟ, ಬಾಡಿಗೆ ಇದರಿಂದ ನಡೆಯುತ್ತವೆ. ಅವನು ಮಾಡಬೇಕಾದ ಕೆಲಸ ನಡೆಯುವುದಿಲ್ಲ.

ಉಳಿದ ದಾರಿಗಳು ಓದುಗರಿಗೆ ಗೊತ್ತಿರುವಂಥವೇ: ಪರಿಶಿಷ್ಟರಿಗೆ, ಹಿಂದುಳಿದವರಿಗೆ ಇರುವ ರಾಷ್ಟ್ರೀಯ ಫೆಲೋಶಿಪ್‌ಗಳು, ಅಲ್ಪಸಂಖ್ಯಾತರಿಗಿದ್ದು 2022ರಲ್ಲಿ ನಿಂತುಹೋದ ಮೌಲಾನಾ ಆಜಾದ್ ಫೆಲೋಶಿಪ್, ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದವರಿಗೆ ಕೊಡುವ ನಾನ್-ನೆಟ್ ಫೆಲೋಶಿಪ್. ಈ ಕೊನೆಯದರ ಅನ್ಯಾಯ ನೋಡಬೇಕಾದರೆ ತಾರ್ನಾಕಾಕ್ಕೆ ಹೋದರೆ ಸಾಕು. ಅಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಎಫ್‌ಎಲ್‌ಯು) ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯ ಅಕ್ಕಪಕ್ಕದಲ್ಲಿವೆ. ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು. ಇಎಫ್‌ಎಲ್‌ಯುನ ಪಿಎಚ್‌ಡಿ ವಿದ್ಯಾರ್ಥಿಗೆ ನಾನ್-ನೆಟ್‌ನ ತಿಂಗಳಿಗೆ ಎಂಟು ಸಾವಿರ ಸಿಗುತ್ತದೆ, ಉಸ್ಮಾನಿಯಾದವನಿಗೆ ಅದೂ ಇಲ್ಲ. ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ಕಟ್ಟಿದ ಭಾಷಾವಿಜ್ಞಾನ ವಿಭಾಗ ಇರುವುದು ಈ ಇಲ್ಲದ ಕಡೆ.

ನನ್ನನ್ನು ಕಾಡುವುದು ಜೆಆರ್‌ಎಫ್ ನಿಯಮಾವಳಿಯ ಒಂದು ಸಣ್ಣ ಕಲಮು: ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಬಿಡಿ ಖರ್ಚಿಗೆ ಕೊಡುವ ಹಣ. ಮಾನವಿಕ ಮತ್ತು ಸಮಾಜವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ ವರ್ಷಕ್ಕೆ 20,500. ವಿಜ್ಞಾನದವರಿಗೆ ಇದೇ 12,000 ಮತ್ತು 25,000. ಮಾಸಿಕ ಮೊತ್ತ 2014ರ ಕೊನೆಗೆ 25,000 ಆಯಿತು, 2019ಕ್ಕೆ 31,000, 2023ಕ್ಕೆ 37,000. ಪ್ರತಿ ಸಲವೂ ಈ ಕಲಮು ಇದ್ದಲ್ಲೇ ಇತ್ತು. ಐದು ವರ್ಷದ ಲೆಕ್ಕ ಹಾಕಿ: ಫೆಲೋಶಿಪ್ 24 ಲಕ್ಷ, ಕಂಟಿಂಜೆನ್ಸಿ 81,500. ನೂರಕ್ಕೆ ಮೂರೂವರೆಯೂ ಬರಲಿಲ್ಲ.

ಮೊತ್ತಕ್ಕಿಂತ ಅದರ ಕ್ರಮ ಹೆಚ್ಚು ಕೆಟ್ಟದ್ದು. ಮೊದಲು ಕಡಿಮೆ, ಆಮೇಲೆ ಎರಡು ಪಟ್ಟು. ಗ್ರಂಥಾಲಯದಲ್ಲಿ ಕೂತು ಓದಿ, ಕೊನೆಗೆ ಟೈಪು ಮಾಡಿಸಿ, ಬೈಂಡು ಹಾಕಿಸುವವನಿಗೆ ಇದು ಸರಿಹೋದೀತು. ಗೊಂಡಿ, ಕೊಲಾಮಿಯಂಥ ಬುಡಕಟ್ಟು ಭಾಷೆಯನ್ನು ಕೇಳಿ ಬರೆದುಕೊಳ್ಳಬೇಕಾದವನ ಖರ್ಚು ತಿರುಗಾಮುರುಗಾ. ರೆಕಾರ್ಡರ್, ಒಳ್ಳೆಯ ಮೈಕು, ಹಾರ್ಡ್ ಡಿಸ್ಕು, ಮುನ್ನೂರು ಕಿಲೋಮೀಟರಿನಾಚೆಯ ಆದಿಲಾಬಾದಿಗೆ ಮತ್ತೆ ಮತ್ತೆ ಬಸ್ಸು, ಅಲ್ಲಿ ವಾರಗಟ್ಟಲೆ ವಾಸ, ಇವೆಲ್ಲ ಮೊದಲ ಎರಡು ವರ್ಷದಲ್ಲೇ ಆಗಬೇಕು. ಹಣ ಹೆಚ್ಚುವ ಹೊತ್ತಿಗೆ ಅವನು ವಾಪಸು ಬಂದು ಬರೆಯಲು ಕೂತಿರುತ್ತಾನೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಜೆರಾಕ್ಸ್, ಟೈಪಿಂಗ್, ಸ್ಟೇಷನರಿ, ಅಂಚೆ, ಉಪಕರಣಗಳ ಬಿಡಿಭಾಗ ಇವಕ್ಕೆಲ್ಲ ಆ ಕಲಮಿನಲ್ಲಿ ಜಾಗವಿದೆ. ತನ್ನ ಭಾಷೆಯನ್ನು ಹೇಳಿಕೊಡಲು ಹತ್ತಿ ಬಿಡಿಸುವ ದಿನದ ಕೂಲಿ ಬಿಟ್ಟು ಬಂದು ಕೂರುವ ಹೆಂಗಸಿಗೆ ಕೊಡಬೇಕಾದ ಹಣಕ್ಕೆ ಪ್ರತ್ಯೇಕ ಹೆಸರಿಲ್ಲ. ಅದನ್ನು ವಿದ್ಯಾರ್ಥಿ ತನ್ನ ಜೇಬಿನಿಂದ ಕೊಡುತ್ತಾನೆ, ಇಲ್ಲವೇ ಕೊಡುವುದೇ ಇಲ್ಲ. ವ್ಯಾಕರಣ ಅವಳ ಬಾಯಿಂದ ಬಂದದ್ದು, ಲೆಕ್ಕದ ಪುಸ್ತಕದಲ್ಲಿ ಅವಳಿಲ್ಲ.

ಇದನ್ನು ಹೇಳಿದರೆ ಎರಡು ಬಗೆಯ ವಿಮರ್ಶಕರು ಎದುರಾಗುತ್ತಾರೆ. ಹೊರದೇಶದ ಹಣವಿದೆಯಲ್ಲ, ಅರ್ಜಿ ಹಾಕಿ ಎನ್ನುವವರು ಮೊದಲಿನವರು. ಅವರು ಹೇಳುವ ಇಎಲ್‌ಡಿಪಿ (ಎಂಡೇಂಜರ್ಡ್ ಲ್ಯಾಂಗ್ವೇಜಸ್ ಡಾಕ್ಯುಮೆಂಟೇಶನ್ ಪ್ರೋಗ್ರಾಂ) 2002ರಲ್ಲಿ ಶುರುವಾದದ್ದು, ಲಂಡನ್ನಿನ ಸೋಯಾಸ್‌ನಲ್ಲಿತ್ತು, 2021ರಲ್ಲಿ ಬರ್ಲಿನ್‌ಗೆ ಹೋಯಿತು. ಅಳಿವಿನಂಚಿನ ಭಾಷೆಗಳ ದಾಖಲಾತಿಗೆ ಅದು ಮಾಡಿರುವ ಉಪಕಾರ ದೊಡ್ಡದು, ಭಾಷೆ ಹೇಳಿಕೊಡುವವರಿಗೆ ಸಲ್ಲಬೇಕಾದದ್ದನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಇಡೀ ಜಗತ್ತಿನ ಅರ್ಜಿಗಳ ನಡುವೆ, ಇಂಗ್ಲಿಷಿನಲ್ಲಿ ಬರೆದು ಗೆಲ್ಲಬೇಕು. ಎಂಎ ಮುಗಿಸಿ ಈಗಷ್ಟೇ ಬಂದ ಹುಡುಗಿಗೆ ಇದನ್ನೇ ಹಾದಿ ಎಂದು ತೋರಿಸುವುದು ನಮ್ಮ ಕೆಲಸವನ್ನು ಬರ್ಲಿನ್ನಿನ ಹೆಗಲಿಗೆ ಹಾಕಿದಂತೆ.

ಎರಡನೆಯವರು ನನಗೆ ಹತ್ತಿರದವರು, ಅದಕ್ಕೇ ಜಗಳ ಜಾಸ್ತಿ. 2015ರ ಅಕ್ಟೋಬರಿನಲ್ಲಿ ನಾನ್-ನೆಟ್ ನಿಲ್ಲಿಸಲು ಯುಜಿಸಿ ಹೊರಟಾಗ ದೆಹಲಿಯಲ್ಲಿ ಅದರ ಕಚೇರಿ ಮುಂದೆ ಕೂತ ವಿದ್ಯಾರ್ಥಿಗಳ ಪರ ಇವರು ಬರೆದರು. ಆ ಹೋರಾಟ ನ್ಯಾಯದ್ದು. ಅದಿಲ್ಲದಿದ್ದರೆ ಆ ಎಂಟು ಸಾವಿರವೂ ಇರುತ್ತಿರಲಿಲ್ಲ. ಆದರೆ ಅಂದಿನಿಂದ ಇವರ ಬರವಣಿಗೆ ಮಾಸಿಕ ಮೊತ್ತದ ಸುತ್ತಲೇ ಸುತ್ತುತ್ತಿದೆ. ಹೆಚ್ಚಿಸಿ, ತಡಮಾಡದೆ ಕೊಡಿ, ಎಲ್ಲರಿಗೂ ಕೊಡಿ. ಮೂರೂ ಸರಿಯೇ. ವಿದ್ಯಾರ್ಥಿ ಏನು ಕೆಲಸ ಮಾಡುತ್ತಾನೆ, ಅದಕ್ಕೆ ಏನು ಬೇಕು ಎಂದು ಮಾತ್ರ ಇವರು ಕೇಳಲೇ ಇಲ್ಲ. ಭಾಷಾವಿಜ್ಞಾನದ ವಿದ್ಯಾರ್ಥಿಯನ್ನೂ ಸಾಹಿತ್ಯದ ವಿದ್ಯಾರ್ಥಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸರ್ಕಾರದ ಅಭ್ಯಾಸವನ್ನು ವಿರೋಧಿಗಳೂ ಕಲಿತುಬಿಟ್ಟರು. ಹೀಗಾಗಿ ಹುಡುಗರು ಹೊಲಕ್ಕೆ, ಹಟ್ಟಿಗೆ ಹೋಗುವ ವಿಷಯ ಬಿಟ್ಟು ಕೋಣೆಯಲ್ಲೇ ಮುಗಿಯುವ ವಿಷಯ ಆರಿಸಿಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ಇಂಥ ಕೆಲಸದ ಬೆನ್ನಿಗೆ ಸರ್ಕಾರವೇ ನಿಂತ ಉದಾಹರಣೆ ಹೈದರಾಬಾದಿನಲ್ಲೇ ಇತ್ತು. ಕೃಷ್ಣಮೂರ್ತಿಯವರು ಬರೆದ, ಕೊಂಡ ಎಂಬ ಬುಡಕಟ್ಟು ಭಾಷೆಯ ವ್ಯಾಕರಣವನ್ನು 1969ರಲ್ಲಿ ಪ್ರಕಟಿಸಿದ್ದು ಹೈದರಾಬಾದಿನ ಬುಡಕಟ್ಟು ಸಂಸ್ಕೃತಿ ಸಂಶೋಧನಾ ಸಂಸ್ಥೆ, ರಾಜ್ಯದ್ದೇ ಒಂದು ಸಂಸ್ಥೆ. ಆ ಪುಸ್ತಕವನ್ನು ಹೊಗಳುವವರು ಯಾರು ಅಚ್ಚುಹಾಕಿಸಿದರು ಎಂಬುದನ್ನು ನೆನೆಯುವುದು ಕಮ್ಮಿ. ಈಗ ಕಂಟಿಂಜೆನ್ಸಿಯ ಕಲಮು ತಿದ್ದಲೂ ಹೊಸ ಯೋಜನೆ ಬೇಕಿಲ್ಲ. 20,500ನ್ನು ಮೊದಲ ಎರಡು ವರ್ಷಕ್ಕೆ ತರಲಿ, ಭಾಷೆ ಹೇಳಿಕೊಟ್ಟವರ ದಿನಗೂಲಿಗೆ ಅದರಲ್ಲಿ ಒಂದು ಸಾಲು ಸೇರಿಸಲಿ, ಉಸ್ಮಾನಿಯಾದ ವಿದ್ಯಾರ್ಥಿಗೂ ರಾಜ್ಯ ಸರ್ಕಾರ ಅಷ್ಟನ್ನೇ ಕೊಡಲಿ.